ಮೂಸಿ ದಂಡೆಯ ಹನ್ನೊಂದು ಬೇಟೆಗಾರರು

2024ರಲ್ಲಿ ತೆರೆಕಂಡ ‘ಮೈದಾನ್’ ಹಿಂದಿ ಚಿತ್ರವನ್ನು ನಮ್ಮ ಓದುಗರಲ್ಲಿ ಹಲವರು ನೋಡಿರಬಹುದು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಭಾರತದ ಫುಟ್‌ಬಾಲ್ ತಂಡ ಯುಗೊಸ್ಲಾವಿಯಕ್ಕೆ 1–10 ಗೋಲುಗಳಿಂದ ಸೋತಲ್ಲಿಗೆ ಅದರ ಕಥೆ ತೊಡಗುತ್ತದೆ. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಚಿನ್ನದ ಪದಕದಲ್ಲಿ ಮುಗಿಯುತ್ತದೆ. ತರಬೇತುದಾರ ಸೈಯದ್ ಅಬ್ದುಲ್ ರಹೀಮರ ಬಾಳಿನ ಕಡೆಯ ಹತ್ತು ವರ್ಷಗಳ ಕಥೆ ಅದು. ಹೈದರಾಬಾದಿನಲ್ಲಿ ನೆಲೆನಿಂತ ಕನ್ನಡಿಗರಾದ ನಮಗೆ ಅದಕ್ಕಿಂತ ಮೊದಲಿನ ಕಾಲದ ಮೇಲೆ, ರಹೀಮರು ಇದೇ ಊರಿನಲ್ಲಿ ವಿದ್ಯಾರ್ಥಿಯಾಗಿದ್ದ 1920ರ ದಶಕದ ಮೇಲೆ, ಕುತೂಹಲ ಹೆಚ್ಚು. ಆಗಿನ ಹೈದರಾಬಾದು ನಮ್ಮ ಹಿರಿಯರದೂ ಆಗಿತ್ತು. ಎಂಟು ತೆಲುಗು ಜಿಲ್ಲೆ, ಐದು ಮರಾಠಿ ಜಿಲ್ಲೆಗಳ ಜೊತೆಗೆ ಗುಲ್ಬರ್ಗ, ರಾಯಚೂರು, ಬೀದರಗಳಿಗೂ ಅದೇ ರಾಜಧಾನಿ. ಮೇಲ್ಮಟ್ಟದ ಓದಿಗೆ ಅಲ್ಲಿಂದ ಹೊರಟ ಹುಡುಗರಿಗೂ ಇದೇ ಊರು.

ಓದಲು ಬಂದವರ ಮುಂದೆ ಎರಡು ಬಾಗಿಲುಗಳಿದ್ದವು. 1887ರಲ್ಲಿ ಹುಟ್ಟಿದ ನಿಜಾಮ್ ಕಾಲೇಜು ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿತ್ತು, ಇಂಗ್ಲಿಷಿನಲ್ಲಿ ಕಲಿಸುತ್ತಿತ್ತು. ಅದರ ಮಗ್ಗುಲಿಗೇ ಫತೇ ಮೈದಾನದ ವಿಶಾಲ ಬಯಲು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವಿನಲ್ಲಿ ಕಲಿಸುತ್ತಿತ್ತು. ಇಂದು ನಾವು ಬೆರಗಿನಿಂದ ನೋಡುವ ಅದರ ಆರ್ಟ್ಸ್ ಕಾಲೇಜಿನ ಕಲ್ಲುಕಟ್ಟಡ ಉದ್ಘಾಟನೆಯಾದದ್ದು 1939ರಲ್ಲಿ. ಅದಕ್ಕೂ ಮುಂಚಿನ ಇಪ್ಪತ್ತು ವರ್ಷ ತರಗತಿಗಳು ನಡೆದದ್ದು ಪೇಟೆಯೊಳಗಿನ ಬಾಡಿಗೆ ಕಟ್ಟಡಗಳಲ್ಲಿ. ಸ್ವಂತ ಸೂರೂ ಇಲ್ಲದ ಆ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದಲ್ಲಿ ಆಡಿದವರು 1909ರಲ್ಲಿ ಹುಟ್ಟಿದ ರಹೀಮರು.

ಇನ್ನೊಂದು ತಂಡದ ಹೆಸರು ನಮಗೆ ಬಲು ಇಷ್ಟ: ‘ಇಲೆವೆನ್ ಹಂಟರ್ಸ್’, ಹನ್ನೊಂದು ಬೇಟೆಗಾರರು. ಸಿಟಿ ಕಾಲೇಜಿನ ವಿದ್ಯಾರ್ಥಿಗಳೂ ಹಳೆಯ ವಿದ್ಯಾರ್ಥಿಗಳೂ ಕೂಡಿ ಕಟ್ಟಿಕೊಂಡ ತಂಡ ಅದು. ರಹೀಮರು ಅದರಲ್ಲೂ ಆಡಿದರು. 1908ರ ಮಹಾಪೂರ ಮೂಸಿಯ ಎರಡೂ ದಂಡೆಗಳನ್ನು ಕೊಚ್ಚಿದ ಮೇಲೆ ನಗರವನ್ನು ಹೊಸದಾಗಿ ಕಟ್ಟುವಾಗ ಎದ್ದ ಕಟ್ಟಡಗಳಲ್ಲಿ ಹೈಕೋರ್ಟು ಒಂದು, ಅದರ ನೆರೆಯ ಸಿಟಿ ಕಾಲೇಜು ಇನ್ನೊಂದು. ಎರಡಕ್ಕೂ ವಿನ್ಸೆಂಟ್ ಎಶ್ ಎಂಬ ಆಂಗ್ಲ ವಾಸ್ತುಶಿಲ್ಪಿಯ ನಕ್ಷೆ. ಪರೀಕ್ಷೆ ಮುಗಿದ ಮೇಲೂ ಕಾಲೇಜಿನ ನಂಟನ್ನು ಕಡಿದುಕೊಳ್ಳದೆ ಜೊತೆಗೂಡಿ ಆಡಿದ ಆ ಹುಡುಗರ ತಂಡಕ್ಕೆ ನಾವು ಕೊಡುವ ಬೆಲೆ ದೊಡ್ಡದು. ಕಾಲೇಜಿನ ತಂಡವೊಂದರ ಆಯುಷ್ಯ ಸಾಮಾನ್ಯವಾಗಿ ಎರಡು ಮೂರು ವರ್ಷ. ಆಟಗಾರ ಪಾಸಾದೊಡನೆ ಆಟವೂ ಮುಗಿಯುತ್ತದೆ. ಇಲ್ಲಿ ಹಾಗಾಗಲಿಲ್ಲ.

ಹೈದರಾಬಾದಿನ ಫುಟ್‌ಬಾಲಿಗೆ ಸಿಟಿ ಪೊಲೀಸ್ ತಂಡವೇ ಮೂಲವೆಂದು ಹೇಳುವ ರೂಢಿಯಿದೆ. ನಾವು ಅದನ್ನು ಅರ್ಧ ಮಾತ್ರ ಒಪ್ಪುತ್ತೇವೆ. 1939ರಲ್ಲಿ ಹುಟ್ಟಿದ ಪೊಲೀಸ್ ತಂಡ ಆಟಗಾರರಿಗೆ ನೌಕರಿ ಕೊಟ್ಟಿತು, ಹೊಟ್ಟೆಪಾಡಿನ ಚಿಂತೆ ಕಳೆಯಿತು. ಅದು ಸಣ್ಣ ಉಪಕಾರವಲ್ಲ. ಗುರು ಬಂದದ್ದು ಮಾತ್ರ ಕಾಲೇಜಿನಿಂದ, ಅಲ್ಲಿಂದ ಶಾಲೆಗೆ ಹೋಗಿ, ಶಾಲೆಯ ಮೂಲಕ. ಪದವಿಯ ನಂತರ ರಹೀಮರು ಮೇಷ್ಟರಾದರು. ಕಾಚಿಗುಡ, ದಾರುಲ್ ಉಲೂಮ್, ಚಾದರ್‌ಘಾಟ್ ಶಾಲೆಗಳಲ್ಲಿ ಕಲಿಸಿದರು. ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದರು. 1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಅಸೋಸಿಯೇಷನ್ನಿನ ಕಾರ್ಯದರ್ಶಿಯಾದರು. ಹಾಗಾದ ಮೇಲೆ ಅವರು ಏರ್ಪಡಿಸಿದ ಪಂದ್ಯಾವಳಿಗಳನ್ನು ನೋಡಿದರೆ ಮೇಷ್ಟರ ಕೈ ಎದ್ದು ಕಾಣುತ್ತದೆ. ಬಲಗಾಲಿನ ಆಟಗಾರ ಎಡಗಾಲಿನಿಂದಲೇ ಒದೆಯಬೇಕೆಂಬ ಪಂದ್ಯಾವಳಿ ಒಂದು. ಚೆಂಡನ್ನು ತಾನೇ ಕಾಲಲ್ಲಿ ಆಡಿಸಿಕೊಂಡು ಮುನ್ನುಗ್ಗದೆ, ಬಂದೊಡನೆ ಜೊತೆಗಾರನಿಗೆ ದಾಟಿಸಬೇಕೆಂಬುದು ಇನ್ನೊಂದು. ಎತ್ತರದ ಮಿತಿಯಿಟ್ಟು ಕಿರಿಯರಿಗಾಗಿ ನಡೆಸಿದ್ದು ಮತ್ತೊಂದು. ಲೆಕ್ಕದಲ್ಲಿ ಹಿಂದುಳಿದ ಹುಡುಗನಿಗೆ ಲೆಕ್ಕವನ್ನೇ ಹೆಚ್ಚು ಕೊಡುವ ಉಪಾಧ್ಯಾಯರ ಕ್ರಮವಲ್ಲವೇ ಇದು! ತಾನೊಬ್ಬನೇ ಮಿಂಚಬೇಕೆಂಬ ಆಟಗಾರನ ಚಪಲವನ್ನು ಬೈಗುಳದಿಂದಲ್ಲ, ನಿಯಮದಿಂದಲೇ ತಿದ್ದುವ ಉಪಾಯ.

ಫಲ ಬರಲು ತಡವಾಗಲಿಲ್ಲ. ಅದೇ 1943ರಲ್ಲಿ ಪೊಲೀಸ್ ತಂಡ ನಮ್ಮ ಬೆಂಗಳೂರಿಗೆ ಹೋಗಿ ಆಶ್ ಗೋಲ್ಡ್ ಕಪ್ಪನ್ನು ಗೆದ್ದು ತಂದಿತು. 1950ರಲ್ಲಿ ರಹೀಮರು ಅದರ ತರಬೇತುದಾರರಾದರು. ಆ ವರ್ಷದಿಂದ 1954ರ ವರೆಗೆ ಮುಂಬಯಿಯ ರೋವರ್ಸ್ ಕಪ್ ಸತತ ಐದು ಸಲ ಹೈದರಾಬಾದಿಗೇ ಬಂತು.

ಉಸ್ಮಾನಿಯಾ ಎಂದೊಡನೆ ನಮ್ಮ ಹಿರಿಯರಿಗೆ ಮೊದಲು ನೆನಪಾಗುತ್ತಿದ್ದುದು ಆಟವಲ್ಲ. ತಾಯ್ನುಡಿ ಬದಿಗೆ ಸರಿದು ಉರ್ದುವಿನಲ್ಲಿ ಓದಬೇಕಾದ ಕಷ್ಟ. 1938ರಲ್ಲಿ ವಂದೇ ಮಾತರಂ ಹಾಡಿದ್ದಕ್ಕಾಗಿ ಹೊರಹಾಕಿಸಿಕೊಂಡ ವಿದ್ಯಾರ್ಥಿಗಳು ನಾಗಪುರಕ್ಕೆ ಹೋಗಿ ಓದು ಮುಂದುವರಿಸಿದ ಸಂಗತಿ. ಆ ನೋವನ್ನು ಮರೆಯಬೇಕೆಂದು ನಾವು ಹೇಳಲಾರೆವು. ಆದರೆ ಅದೇ ವಿದ್ಯಾಲಯದ ಚೆಂಡಾಟವನ್ನು ಪರರದೆಂದು ಬಿಟ್ಟುಕೊಡಲೂ ಮನಸ್ಸೊಪ್ಪುವುದಿಲ್ಲ. ನಮ್ಮ ಮೂರು ಜಿಲ್ಲೆಗಳ ಕಂದಾಯವೂ ಸೇರಿದ್ದ ಬೊಕ್ಕಸದಿಂದಲೇ ಅದು ನಡೆದದ್ದು.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಇಲ್ಲವಾಯಿತು; ಗುಲ್ಬರ್ಗ, ರಾಯಚೂರು, ಬೀದರಗಳು ವಿಶಾಲ ಮೈಸೂರಿಗೆ ಸೇರಿದವು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ರಹೀಮರ ತಂಡ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿ ಸೆಮಿಫೈನಲ್ ತಲುಪಿತು. ಆ ರಾಜ್ಯ ಆಗ ಭೂಪಟದಲ್ಲಿರಲಿಲ್ಲ.

ರಹೀಮರು 1963ರ ಜೂನ್ 11ರಂದು ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಮಗ ಸೈಯದ್ ಶಾಹಿದ್ ಹಕೀಮರು 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದವರು, ಮುಂದೆ ಅಂತರರಾಷ್ಟ್ರೀಯ ರೆಫ್ರಿಯಾಗಿ ಹೆಸರಾದವರು. 2021ರ ಆಗಸ್ಟ್ 22ರಂದು ಅವರು ಕೊನೆಯುಸಿರೆಳೆದದ್ದು ಕಲಬುರಗಿಯ ಆಸ್ಪತ್ರೆಯಲ್ಲಿ.