ಚಿಟ್ಟೆಗಳ ಆಹಾರಸಸ್ಯ ತೋಟ

ವನ್ಯಜೀವಿಗಳನ್ನು ಸೆಳೆಯಲೆಂದು ಅವುಗಳ ಮೇವಿನ ಗಿಡಗಳನ್ನೇ ಆರಿಸಿ ಬೆಳೆಸಿದ ನೆಲ. ಬಂಡೀಪುರ, ನಾಗರಹೊಳೆಗಳಲ್ಲಿ ಲಂಟಾನ ಕಿತ್ತು ಹುಲ್ಲಿಗೆ ಜಾಗ ಮಾಡಿಕೊಡುವುದು ಜಿಂಕೆ, ಕಾಟಿಗಳಿಗಾಗಿ. ಕರಾವಳಿಯ ಹಿತ್ತಿಲುಗಳಲ್ಲಿ ಈ ಕೆಲಸ ಹೆಚ್ಚಾಗಿ ಚಿಟ್ಟೆಗಳಿಗಾಗಿ ನಡೆಯುತ್ತದೆ.

ತೋಟದಲ್ಲಿ ಎರಡು ಬಗೆಯ ಗಿಡಗಳಿರಬೇಕು. ಕೇಪುಳ, ರಥಪುಷ್ಪಗಳು ರೆಕ್ಕೆ ಬಂದ ಚಿಟ್ಟೆಗೆ ಮಕರಂದ ಕೊಡುತ್ತವೆ. ಆದರೆ ಚಿಟ್ಟೆಯ ಮರಿಹುಳು ತಿನ್ನುವುದು ಎಲೆಯನ್ನು; ಅದೂ ತನ್ನ ಜಾತಿಗೆ ಒಗ್ಗಿದ ಕೆಲವೇ ಗಿಡಗಳ ಎಲೆಯನ್ನು. ಹೂವು ಮಾತ್ರ ಇರುವ ತೋಟಕ್ಕೆ ಚಿಟ್ಟೆ ಬಂದುಹೋಗುತ್ತದೆ, ಅಲ್ಲಿ ಸಂತಾನ ಬೆಳೆಸುವುದಿಲ್ಲ. ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಪುಟ್ಟ ಹುಳು ಕಾಮನ್ ಮಾರ್ಮನ್ ಚಿಟ್ಟೆಯದು. ಬೆಳೆದಂತೆ ಅದು ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲೊಂದನ್ನು ಚಾಚಿ ಘಾಟು ಬಿಡುತ್ತದೆ. ಇದನ್ನು ಕೀಡೆಯೆಂದು ಹೊಸಕಿಹಾಕುವ ಮನೆಯಲ್ಲಿ ಎಷ್ಟು ಹೂ ನೆಟ್ಟರೂ ವ್ಯರ್ಥ.

ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ನ ಮರಿಗೆ ಬೇಕಾದದ್ದು ಈಶ್ವರಿ ಬಳ್ಳಿ ಮತ್ತು ಅದರ ಹತ್ತಿರದ ಬಳಗ. ಈ ಬಳ್ಳಿಯ ವಿಷವನ್ನು ಹುಳು ಮೈಯಲ್ಲೇ ಉಳಿಸಿಕೊಳ್ಳುವುದರಿಂದ ಹಕ್ಕಿಗಳು ಅದನ್ನು ಬಿಟ್ಟುಬಿಡುತ್ತವೆ. ಹೂವಿನ ಚಂದಕ್ಕೆ ಮರುಳಾಗಿ ಈಶ್ವರಿಯ ಬದಲು ಅದರ ವಿದೇಶಿ ದಾಯಾದಿಯನ್ನು ನೆಡುವುದು ಅಪಾಯಕಾರಿಯಾಗಬಹುದು. ಆಸ್ಟ್ರೇಲಿಯದ ರಿಚ್ಮಂಡ್ ಬರ್ಡ್‌ವಿಂಗ್ ಇಂಥದೇ ದಕ್ಷಿಣ ಅಮೆರಿಕದ ಅಲಂಕಾರಿಕ ಬಳ್ಳಿಗೆ ಮೋಸಹೋಗಿ ಮೊಟ್ಟೆಯಿಟ್ಟಿತು. ಎಲೆ ತಿಂದ ಮರಿಗಳು ಸತ್ತವು. 1990ರ ದಶಕದಲ್ಲಿ ಅಲ್ಲಿನ ಶಾಲಾಮಕ್ಕಳು ನಾಡಬಳ್ಳಿಯನ್ನೇ ಮತ್ತೆ ನೆಟ್ಟು ಬೆಳೆಸಬೇಕಾಯಿತು.

ಮಲಬಾರ್ ಬ್ಯಾಂಡೆಡ್ ಪೀಕಾಕ್ ಚಿಟ್ಟೆಯ ಕಥೆ ಮಂಗಳೂರಿನ ಅಡುಗೆಮನೆಗೂ ತಾಗುತ್ತದೆ. ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ ಈ ಚಿಟ್ಟೆ ಮೊಟ್ಟೆಯಿಡುವುದು ಜುಮ್ಮನ ಮರದ ಮೇಲೆ. ಅದರ ಕಾಯಿಯೇ ಕೊಂಕಣಿ ಮನೆಗಳ ಬಂಗುಡೆ ಪದಾರ್ಥಕ್ಕೆ ಬೀಳುವ ತೆಪ್ಪಲ. ಕಾಂಡದ ತುಂಬ ಮುಳ್ಳಿರುವ ಈ ಮರವನ್ನು ಮನೆಯ ಹತ್ತಿರ ಉಳಿಸಿಕೊಳ್ಳುವವರು ಕಡಿಮೆ. ಮೂಡುಬಿದಿರೆ ಬಳಿಯ ಬೆಳ್ವಾಯಿಯ ಚಿಟ್ಟೆ ಉದ್ಯಾನ ಆಹಾರಸಸ್ಯಗಳನ್ನೇ ನೆಚ್ಚಿಕೊಂಡ ಪ್ರಯತ್ನ. ಅಲ್ಲಿ ಗಾಜಿನ ಗೂಡಿಲ್ಲ, ಚಿಟ್ಟೆಗಳು ತಾವಾಗಿ ಬರುತ್ತವೆ. ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ.

ಆದರೆ ನವಮಂಗಳೂರು ಬಂದರು ಮತ್ತು ಕಾರ್ಖಾನೆಗಳ ನಡುವಿನ ಪಣಂಬೂರಿನಲ್ಲಿ ನೆಲ ಮರಳು, ಗಾಳಿ ಉಪ್ಪು. ಇಲ್ಲಿ ಎಕ್ಕದಿಂದ ತೊಡಗುವುದು ಲೇಸು: ಪ್ಲೇನ್ ಟೈಗರ್ ಚಿಟ್ಟೆಗೆ ಅದೇ ಅನ್ನ. ಗೇರು, ಮಾವು ಇದ್ದರೆ ಕಾಮನ್ ಬ್ಯಾರನ್‌ಗೆ ಬೇರೆ ಏರ್ಪಾಡು ಬೇಡ. ಈಶ್ವರಿ, ಜುಮ್ಮನ ಗಿಡಗಳನ್ನು ಕಡಲಗಾಳಿ ನೇರ ತಾಗದ ಗೋಡೆಯ ಮರೆಯಲ್ಲಿ, ತರಗೆಲೆ ಗೊಬ್ಬರ ಹಾಕಿ ಜೂನ್ ಮಳೆಗೆ ನೆಡಬೇಕು. ಒಂದೇ ಬಳ್ಳಿಯನ್ನು ಹುಳುಗಳು ಬೋಳಿಸಿಬಿಡುವುದರಿಂದ ನಾಲ್ಕೈದು ಇರಲಿ. ಕೀಟನಾಶಕ ಸಿಂಪಡಿಸಿದ ಸಸಿಯನ್ನು ನರ್ಸರಿಯಿಂದ ತರಬಾರದು.