ಉಸಿರಿನ ದಾರಿಗೊಂದು ಆಸರೆ

ನವಜಾತ ಶಿಶುವಿನ ಶ್ವಾಸನಾಳ ಸುಮಾರು 4-5 ಮಿಲಿಮೀಟರ್ ಅಗಲವಿರುತ್ತದೆ. ಅದರ ಒಳಗೋಡೆ ಸುತ್ತಲೂ 1 ಮಿಲಿಮೀಟರ್ ಊದಿಕೊಂಡರೂ ಸಾಕು, ಗಾಳಿ ಸಾಗುವ ಜಾಗ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ದೊಡ್ಡವರಿಗೆ ಗಂಟಲು ಕಟ್ಟಿದಂತಾಗುವ ಊತ ಹಸುಗೂಸಿಗೆ ಪ್ರಾಣಾಪಾಯ ತರಬಲ್ಲದು. ಈ ಕಿರಿದಾದ ದಾರಿಯನ್ನು ತೆರೆದಿಡಲು ವೈದ್ಯರು ನಡೆಸಿದ ಪ್ರಯತ್ನಕ್ಕೆ ದೀರ್ಘ ಇತಿಹಾಸವಿದೆ.

12ನೆಯ ಶತಮಾನದಲ್ಲಿ ಸ್ಪೇನಿನ ಸೆವಿಲ್ಲಾ ನಗರದ ವೈದ್ಯ ಇಬ್ನ್ ಜುಹ್ರ್ ಮೇಕೆಯ ಶ್ವಾಸನಾಳವನ್ನು ಕೊಯ್ದು, ಆ ಗಾಯ ಮಾಯುತ್ತದೆಂದು ಕಂಡುಕೊಂಡರು. 1825ರಲ್ಲಿ ಫ್ರಾನ್ಸಿನ ಬ್ರೆಟೊನೊ, ಗಂಟಲಮಾರಿ ರೋಗದಿಂದ ಉಸಿರುಗಟ್ಟುತ್ತಿದ್ದ ಬಾಲಕಿಯೊಬ್ಬಳನ್ನು ಇಂಥದೇ ಶಸ್ತ್ರಚಿಕಿತ್ಸೆಯಿಂದ ಉಳಿಸಿದರು. 1880ರ ದಶಕದಲ್ಲಿ ನ್ಯೂಯಾರ್ಕಿನ ಜೋಸೆಫ್ ಓಡ್ವಯರ್ ಕತ್ತು ಕೊಯ್ಯದೆ ಬಾಯಿಯ ಮೂಲಕವೇ ಇಳಿಸುವ ಪುಟ್ಟ ಕೊಳವೆಗಳನ್ನು ರೂಪಿಸಿದರು. ರೋಗ ಇಳಿದ ಮೇಲೆ ಕೊಳವೆಯನ್ನು ಹೊರತೆಗೆಯುತ್ತಿದ್ದರು.

1960ರ ದಶಕದಿಂದ ಅವಧಿಗೆ ಮುನ್ನ ಹುಟ್ಟಿದ ಶಿಶುಗಳನ್ನು ವಾರಗಟ್ಟಲೆ ಕೊಳವೆಯ ನೆರವಿನಿಂದ ಬದುಕಿಸುವುದು ಸಾಧ್ಯವಾಯಿತು. ಆದರೆ ಕೊಳವೆ ಉಜ್ಜಿದ ಜಾಗದಲ್ಲಿ ಗಾಯವಾಗಿ, ಕೆಲವು ಮಕ್ಕಳಲ್ಲಿ ಅದು ಗಟ್ಟಿಯಾಗಿ ದಾರಿಯೇ ಕಿರಿದಾಯಿತು. ಇನ್ನು ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಶ್ವಾಸನಾಳದ ಮೃದ್ವಸ್ಥಿ ಮೆತ್ತಗಿದ್ದು, ಉಸಿರು ಬಿಟ್ಟಾಗಲೆಲ್ಲ ಗೋಡೆ ಕುಸಿಯುತ್ತದೆ. ಇಂಥ ಮಕ್ಕಳಿಗೆ 1990ರ ದಶಕದಲ್ಲಿ, ರಕ್ತನಾಳಗಳಿಗೆಂದು ತಯಾರಾದ ಲೋಹದ ಸ್ಟೆಂಟ್‌ಗಳನ್ನು ಶ್ವಾಸನಾಳದೊಳಗೆ ಇರಿಸಲಾಯಿತು. ಉಸಿರಾಟವೇನೋ ಸುಧಾರಿಸಿತು. ಆದರೆ ಲೋಹದ ಜಾಲರಿಯ ಸುತ್ತ ಮಾಂಸ ಬೆಳೆದು ದಾರಿ ಮತ್ತೆ ಮುಚ್ಚುವುದು, ಜಾಲರಿ ಮುರಿಯುವುದು, ತೆಗೆಯಲು ಹೋದರೆ ರಕ್ತಸ್ರಾವವಾಗುವುದು ಇವೆಲ್ಲ ಕಂಡುಬಂದವು. ಮಗು ಬೆಳೆಯುತ್ತಿತ್ತು, ಲೋಹ ಬೆಳೆಯುತ್ತಿರಲಿಲ್ಲ. ಕ್ಯಾನ್ಸರ್ ಅಲ್ಲದ ಶ್ವಾಸನಾಳದ ತೊಂದರೆಗಳಿಗೆ ಲೋಹದ ಸ್ಟೆಂಟ್ ಬಳಸುವ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2005ರಲ್ಲಿ ಎಚ್ಚರಿಕೆ ನೀಡಿತು.

2012ರ ಫೆಬ್ರವರಿಯಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ವೈದ್ಯ ಗ್ಲೆನ್ ಗ್ರೀನ್ ಮತ್ತು ಎಂಜಿನಿಯರ್ ಸ್ಕಾಟ್ ಹಾಲಿಸ್ಟರ್ ಬೇರೆ ದಾರಿ ಹಿಡಿದರು. ಶಿಶುವೊಂದರ ಸಿ.ಟಿ. ಸ್ಕ್ಯಾನ್ ಚಿತ್ರದ ಅಳತೆಗೆ ತಕ್ಕಂತೆ, ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬ ವಸ್ತುವಿನ ಪುಡಿಯಿಂದ ಆಸರೆಯೊಂದನ್ನು ಮುದ್ರಿಸಿದರು. ಅದನ್ನು ಒಳಗಿಡದೆ, ಕುಸಿಯುತ್ತಿದ್ದ ನಾಳದ ಹೊರಗೆ ಸುತ್ತಿ, ನಾಳದ ಗೋಡೆಯನ್ನು ಅದಕ್ಕೆ ಹೊಲಿಗೆ ಹಾಕಿ ಎಳೆದು ನಿಲ್ಲಿಸಲಾಯಿತು. ಒಂದು ಬದಿ ಸೀಳಿದ್ದುದರಿಂದ ನಾಳ ಬೆಳೆದಂತೆ ಆಸರೆಯೂ ಅಗಲವಾಗುತ್ತದೆ, ಸುಮಾರು 3 ವರ್ಷಗಳಲ್ಲಿ ದೇಹದಲ್ಲಿ ಕರಗಿಹೋಗುತ್ತದೆ. ಶಸ್ತ್ರಚಿಕಿತ್ಸೆಯಾದ 21 ದಿನಗಳಲ್ಲಿ ಆ ಮಗುವಿಗೆ ಉಸಿರಾಟದ ಯಂತ್ರ ಬೇಡವಾಯಿತು.

ಮಕ್ಕಳನ್ನು ದೊಡ್ಡವರ ಕಿರಿಯ ಅಚ್ಚು ಎಂದು ಭಾವಿಸಿ ಚಿಕಿತ್ಸೆ ನೀಡಲಾಗದು ಎಂಬುದನ್ನು ಈ ಇತಿಹಾಸ ಕಲಿಸುತ್ತದೆ. ಬೆಳೆಯುವ ಮಗುವಿಗೆ ಕೊಡುವ ಆಸರೆ ಅದರೊಡನೆ ಬೆಳೆಯಬೇಕು, ಕೆಲಸ ಮುಗಿದ ಮೇಲೆ ತಾನಾಗಿ ದೂರ ಸರಿಯಬೇಕು.