ಶೈಶವ ವಿಸ್ಮೃತಿ

ಹುಟ್ಟಿದಂದಿನಿಂದ ಸುಮಾರು ಮೂರು ವರ್ಷದವರೆಗೆ ನಡೆದ ಘಟನೆಗಳು ದೊಡ್ಡವರಾದ ಮೇಲೆ ನೆನಪಿಗೆ ಬಾರದಿರುವುದನ್ನು ಶೈಶವ ವಿಸ್ಮೃತಿ ಎನ್ನುತ್ತಾರೆ. ಆ ವಯಸ್ಸಿನಲ್ಲಿ ಕಲಿತ ಮಾತು, ನಡಿಗೆ ಎಲ್ಲವೂ ಉಳಿಯುತ್ತವೆ; ಕಳೆದುಹೋಗುವುದು ಇಂಥ ಕಡೆ ಹೀಗೆ ನಡೆಯಿತು ಎಂಬ ಅನುಭವದ ನೆನಪು. ಅದು ಮೊದಲಿಗೆ ಮಿದುಳಿನಲ್ಲಿ ದಾಖಲಾಗುವುದೇ ಇಲ್ಲವೋ, ದಾಖಲಾಗಿ ಅಳಿಯುತ್ತದೋ, ಉಳಿದಿದ್ದೂ ಕೈಗೆ ಸಿಗುವುದಿಲ್ಲವೋ ಎಂಬುದೇ ಈ ವಿಷಯದ ನೂರಮೂವತ್ತು ವರ್ಷಗಳ ಚರ್ಚೆ.

ಅಮೆರಿಕದ ಕ್ಯಾರೊಲಿನ್ ಮೈಲ್ಸ್ 1890ರ ದಶಕದಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಜನರ ಮೊಟ್ಟಮೊದಲ ನೆನಪಿನ ವಯಸ್ಸು ಸರಾಸರಿ ಮೂರು ವರ್ಷ ಎಂದು ಕಂಡುಬಂತು. ಮನೋವಿಶ್ಲೇಷಕ ಫ್ರಾಯ್ಡ್ 1905ರಲ್ಲಿ ಇದಕ್ಕೆ ದಮನವೇ, ಅಂದರೆ ಮನಸ್ಸು ಆ ನೆನಪುಗಳನ್ನು ಅದುಮಿಡುವುದೇ, ಕಾರಣವೆಂದರು. ವಿವರಣೆ ಪ್ರಸಿದ್ಧವಾಯಿತು, ಆದರೆ ಪ್ರಯೋಗಕ್ಕೆ ಒಳಪಡುವಂಥದ್ದಾಗಿರಲಿಲ್ಲ. 1962ರಲ್ಲಿ ಬೈರನ್ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು ಇಲಿಗಳಲ್ಲೂ ಇದೇ ಮರೆವನ್ನು ತೋರಿಸಿದರು. 18 ದಿನದ ಮರಿಗಳು ಕಲಿತ ಭಯವನ್ನು ಮೂರು ವಾರದೊಳಗೆ ಮರೆತವು. 100 ದಿನದ ಇಲಿಗಳಿಗೆ 42 ದಿನಗಳಾದರೂ ಅದು ನೆನಪಿತ್ತು. ಇಲಿಗೂ ಇರುವ ಮರೆವಿಗೆ ಫ್ರಾಯ್ಡರ ದಮನ ಸಾಲದು. ಕಾರಣವನ್ನು ಬೆಳೆಯುವ ಮಿದುಳಿನಲ್ಲೇ ಹುಡುಕಬೇಕಾಯಿತು.

ಎಳೆಯ ಮಗುವಿಗೆ ನೆನಪೇ ನಿಲ್ಲದು ಎಂಬ ನಂಬಿಕೆಯನ್ನು ಅಲುಗಿಸಿದವರು ಮನೋವಿಜ್ಞಾನಿ ಕ್ಯಾರೊಲಿನ್ ರೋವಿ-ಕೊಲಿಯರ್. ತೊಟ್ಟಿಲ ಮೇಲೆ ತೂಗುಬೊಂಬೆಗಳ ಗೊಂಚಲು, ಅದರಿಂದ ಮಗುವಿನ ಕಣಕಾಲಿಗೆ ಒಂದು ರಿಬ್ಬನ್. ಕಾಲು ಝಾಡಿಸಿದರೆ ಬೊಂಬೆಗಳು ಕುಣಿಯುತ್ತವೆ. ಕೆಲವೇ ನಿಮಿಷದಲ್ಲಿ ಮಗುವಿಗೆ ಗುಟ್ಟು ತಿಳಿದು ಒದೆತ ಹೆಚ್ಚುತ್ತದೆ. ದಿನಗಳು ಕಳೆದ ಮೇಲೆ ಅದೇ ಗೊಂಚಲನ್ನು, ರಿಬ್ಬನ್ನನ್ನು ಅದಕ್ಕೆ ಜೋಡಿಸದೆ, ಮತ್ತೆ ತೋರಿಸುತ್ತಾರೆ. ಕಂಡ ಕೂಡಲೇ ಜೋರಾಗಿ ಒದ್ದರೆ ಮಗುವಿಗೆ ನೆನಪಿದೆ ಎಂದರ್ಥ. ಮೂರು ತಿಂಗಳ ಮಕ್ಕಳು ಸುಮಾರು ಒಂದು ವಾರ, ಆರು ತಿಂಗಳವರು ಎರಡು ವಾರ ನೆನಪಿಟ್ಟುಕೊಂಡರು. ಮರೆತವರೆದುರು ಗೊಂಚಲನ್ನು ಒಮ್ಮೆ ಅಲ್ಲಾಡಿಸಿ ತೋರಿಸಿದರೆ ನೆನಪು ಮರಳುತ್ತಿತ್ತು. ಇದು ಘಟನೆಯ ನೆನಪಲ್ಲ, ಅಭ್ಯಾಸದ್ದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಮರೆತದ್ದೆಲ್ಲ ಅಳಿದದ್ದಲ್ಲ ಎಂಬ ಸುಳಿವು ಸಿಕ್ಕಿದ್ದು ಇಲ್ಲೇ.

ಘಟನೆಗಳ ನೆನಪಿಗೆ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗ ಬೇಕೆಂಬುದು 1957ರಲ್ಲಿ ಸ್ಕೋವಿಲ್ ಮತ್ತು ಬ್ರೆಂಡಾ ಮಿಲ್ನರ್ ಪ್ರಕಟಿಸಿದ ರೋಗಿಯೊಬ್ಬರ ಅಧ್ಯಯನದಿಂದ ಸ್ಪಷ್ಟವಾಗಿತ್ತು. ಅದೇ ಭಾಗದಲ್ಲಿ ಹುಟ್ಟಿದ ಬಳಿಕವೂ ಹೊಸ ನರಕೋಶಗಳು ಮೂಡುತ್ತವೆಂದು 1965ರಲ್ಲಿ ಜೋಸೆಫ್ ಆಲ್ಟ್‌ಮನ್ ಮತ್ತು ಗೋಪಾಲ್ ದಾಸ್ ಇಲಿಗಳಲ್ಲಿ ಕಂಡರು. ಈ ಎರಡು ಎಳೆಗಳನ್ನು ಹೆಣೆದವರು ಟೊರಾಂಟೊದ ಶೀನಾ ಜೋಸೆಲಿನ್ ಮತ್ತು ಪಾಲ್ ಫ್ರಾಂಕ್‌ಲ್ಯಾಂಡ್. ಹೊಸ ಕೋಶಗಳು ಹಳೆಯ ಜಾಲದೊಳಕ್ಕೆ ನುಗ್ಗುವಾಗ ಅಲ್ಲಿನ ಸಂಪರ್ಕಗಳು ಕದಲುತ್ತವೆ, ನೆನಪಿನ ಹಾದಿ ತಪ್ಪುತ್ತದೆ ಎಂದು ಅವರು ವಾದಿಸಿದರು. 2014ರ ಪ್ರಯೋಗ ಇದಕ್ಕೆ ಬಲ ಕೊಟ್ಟಿತು. ಬೆಳೆದ ಸುಂಡಿಲಿಗಳನ್ನು ಚಕ್ರದಲ್ಲಿ ಓಡಲು ಬಿಟ್ಟಾಗ ಹೊಸ ಕೋಶಗಳೂ ಹೆಚ್ಚಿದವು, ಮರೆವೂ ಹೆಚ್ಚಿತು; ಮರಿಗಳಲ್ಲಿ ಕೋಶಗಳ ಹುಟ್ಟನ್ನು ತಗ್ಗಿಸಿದಾಗ ಮರೆವು ಕಡಿಮೆಯಾಯಿತು. ಹುಟ್ಟುವಾಗಲೇ ಸಾಕಷ್ಟು ಬಲಿತ ಮಿದುಳಿರುವ ಗಿನಿಪಿಗ್‌ಗಳಲ್ಲಿ ಇಂಥ ಮರೆವು ಕಾಣಲಿಲ್ಲ. ಈ ಲೇಖಕನ ದೃಷ್ಟಿಯಲ್ಲಿ ಇಡೀ ಇತಿಹಾಸದ ಅತ್ಯಂತ ಸುಂದರ ಹೋಲಿಕೆ ಇದು: ಸಿದ್ಧವಾಗಿ ಹುಟ್ಟಿದ ಪ್ರಾಣಿ ಮರೆಯುವುದಿಲ್ಲ, ಹುಟ್ಟಿದ ಮೇಲೆ ಮಿದುಳನ್ನು ಕಟ್ಟಿಕೊಳ್ಳುವ ಪ್ರಾಣಿ ಮರೆಯುತ್ತದೆ.

2018ರಲ್ಲಿ ಫ್ರಾಂಕ್‌ಲ್ಯಾಂಡ್ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಸುಂಡಿಲಿ ಮರಿ ಭಯವನ್ನು ಕಲಿಯುವಾಗ ಚುರುಕಾಗಿದ್ದ ಕೋಶಗಳನ್ನು ಗುರುತಿಟ್ಟು, ಅದು ಬೆಳೆದ ಮೇಲೆ ಅವನ್ನೇ ಬೆಳಕಿನಿಂದ ಉದ್ದೀಪಿಸಿದಾಗ ಮೂರು ತಿಂಗಳ ಹಿಂದಿನ ಭಯ ಮರಳಿತು; ನೆನಪು ಅಳಿದಿರಲಿಲ್ಲ, ಕೈಗೆ ಸಿಗದಾಗಿತ್ತಷ್ಟೇ.

ಮನುಷ್ಯರ ವಿಷಯ ಇಷ್ಟು ಸಲೀಸಲ್ಲ. ನೆನಪನ್ನು ಕಥೆಯಾಗಿ ಹೇಳುವ ಭಾಷೆ, ಮನೆಯವರ ಮಾತುಕತೆ, ಬೆಳೆದ ಸಂಸ್ಕೃತಿ ಮೂರರ ಪಾತ್ರವೂ ಇದೆ. 2000ದಲ್ಲಿ ನ್ಯೂಜಿಲೆಂಡಿನ ಸಂಶೋಧಕರು ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ಮೊದಲ ನೆನಪು ಯುರೋಪ್ ಮೂಲದವರದಕ್ಕಿಂತ ಎಳೆಯ ವಯಸ್ಸಿನದೆಂದು ಕಂಡರು. ನೆನಪು ದಾಖಲಾಗುತ್ತದೋ ಇಲ್ಲವೋ ಎಂಬ ಮೊದಲ ಪ್ರಶ್ನೆಗೆ ಮರಳಿ, 2025ರಲ್ಲಿ ಟ್ರಿಸ್ಟನ್ ಯೇಟ್ಸ್ ಮತ್ತು ನಿಕ್ ಟರ್ಕ್-ಬ್ರೌನ್ ತಂಡ ಎಚ್ಚರವಿದ್ದ 26 ಶಿಶುಗಳ ಮಿದುಳನ್ನು ಸ್ಕ್ಯಾನ್ ಮಾಡಿತು. ಚಿತ್ರವೊಂದನ್ನು ಮೊದಲು ನೋಡುವಾಗ ಹಿಪೊಕ್ಯಾಂಪಸ್ ಹೆಚ್ಚು ಚುರುಕಾಗಿದ್ದರೆ, ಮುಂದೆ ಮಗು ಅದೇ ಚಿತ್ರದ ಮೇಲೆ ಹೆಚ್ಚು ಹೊತ್ತು ಕಣ್ಣಿಡುತ್ತಿತ್ತು. ಒಂದು ವರ್ಷ ದಾಟಿದವರಲ್ಲಿ ಇದು ಎದ್ದು ಕಂಡಿತು. ದಾಖಲಾಗುವುದೇ ಇಲ್ಲ ಎಂಬ ವಾದ ಇದರಿಂದ ಬಹುಮಟ್ಟಿಗೆ ಹಿಂದೆ ಸರಿದಿದೆ. ಆ ದಾಖಲೆಗಳು ಎಷ್ಟು ಕಾಲ ಬಾಳುತ್ತವೆ ಎಂಬುದರತ್ತ ಸಂಶೋಧನೆ ಈಗ ಹೊರಳಿದೆ.